ಸರಾಸರಿಯ ಮರೆಯಲ್ಲಿ: ಕರ್ನಾಟಕದ ಆರೋಗ್ಯ ಅಸಮಾನತೆ ಮತ್ತು ಸರ್ಕಾರದ ನೀತಿ (1898–2022)

ಆರೋಗ್ಯದ ಇತಿಹಾಸವನ್ನು ಆಸ್ಪತ್ರೆಗಳ ಸ್ಥಾಪನೆ, ವೈದ್ಯರ ಸಾಧನೆ ಹಾಗೂ ಲಸಿಕೆಗಳ ಪ್ರಸಾರದ ಕಥನವಾಗಿ ಬರೆಯುವ ಪರಿಪಾಠ ನಮ್ಮಲ್ಲಿ ಬಹುಕಾಲದಿಂದ ನಡೆದುಬಂದಿದೆ. ಈ ಸೇವೆಗಳು ಯಾರನ್ನು ಮೊದಲು ತಲುಪಿದವು, ಯಾರನ್ನು ಕಟ್ಟಕಡೆಗೆ ತಲುಪಿದವು ಎಂಬ ಪ್ರಶ್ನೆಗೆ ಅಂತಹ ಕಥನದಲ್ಲಿ ಸ್ಥಳ ಕಡಿಮೆ. ಕರ್ನಾಟಕದ ತಾಯಂದಿರ ಮರಣ ಪ್ರಮಾಣವು 2001–03ರಲ್ಲಿ ಲಕ್ಷ ಜೀವಂತ ಜನನಗಳಿಗೆ 228 ಇದ್ದದ್ದು 2018–20ರ ವೇಳೆಗೆ 69ಕ್ಕೆ ಇಳಿಯಿತು. 2020ರಲ್ಲಿ ಶಿಶುಮರಣ ಪ್ರಮಾಣವು ದೇಶದಲ್ಲಿ ಸಾವಿರಕ್ಕೆ 28 ಇದ್ದಾಗ ರಾಜ್ಯದಲ್ಲಿ 19 ಆಗಿತ್ತು. ಈ ಸಾಧನೆ ನಿಜವಾದದ್ದು. ಆದರೆ ಇವು ಸರಾಸರಿಗಳು. ಬೆಂಗಳೂರಿನ ತಾಯಿಯನ್ನೂ ಯಾದಗಿರಿಯ ತಾಯಿಯನ್ನೂ ಒಂದೇ ಅಂಕಿಯಲ್ಲಿ ಅಡಗಿಸುವ ಲೆಕ್ಕಗಳು. ಆರೋಗ್ಯ ನೀತಿಯ ಎಣಿಕೆಯ ಘಟಕ ಬದಲಾದಾಗ ಮಾತ್ರ ಅಸಮಾನತೆ ಆಡಳಿತದ ಕಣ್ಣಿಗೆ ಬಿದ್ದಿತೆಂಬುದನ್ನು ಕರ್ನಾಟಕದ ಅನುಭವದ ಮೂಲಕ ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪ್ಲೇಗಿನ ಕಾಲ

1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ರೈಲುಮಾರ್ಗವನ್ನು ಹಿಡಿದು ಹುಬ್ಬಳ್ಳಿಯ ಮೂಲಕ 1898ರ ಆಗಸ್ಟ್ ತಿಂಗಳಲ್ಲಿ ಬೆಂಗಳೂರನ್ನು ಪ್ರವೇಶಿಸಿತು. ಮೈಸೂರು ಸರ್ಕಾರವು ವಿ. ಪಿ. ಮಾಧವರಾಯರನ್ನು ಪ್ಲೇಗು ಕಮಿಷನರನ್ನಾಗಿ ನೇಮಿಸಿತು. ಮನೆಗಳ ತಪಾಸಣೆ, ರೋಗಿಗಳ ಪ್ರತ್ಯೇಕೀಕರಣ, ಊರು ತೆರವು, ಹೊರವಲಯದ ಶಿಬಿರವಾಸ ಇವು ಅಂದಿನ ಮುಖ್ಯ ಕ್ರಮಗಳಾಗಿದ್ದವು. ಶ್ರೀರಂಗಪಟ್ಟಣದ ಸಮೀಪದ ಗಂಜಾಮಿನಲ್ಲಿ ಅದೇ ವರ್ಷ ಈ ಕ್ರಮಗಳ ವಿರುದ್ಧ ಜನ ದಂಗೆಯೆದ್ದರು. ಈ ಪ್ರತಿರೋಧವನ್ನು ಕೇವಲ ಮೌಢ್ಯವೆಂದು ತಳ್ಳಿಹಾಕಲಾಗದು. ದಿನಗೂಲಿಯಿಂದ ಬದುಕುವವನಿಗೆ ಊರು ಬಿಡುವುದೆಂದರೆ ಅಂದಿನ ಅನ್ನವನ್ನು ಬಿಡುವುದೇ ಆಗಿತ್ತು.

ಇದೇ ಅವಧಿಯಲ್ಲಿ ಬೆಂಗಳೂರಿನ ಬಸವನಗುಡಿ ಹಾಗೂ ಮಲ್ಲೇಶ್ವರ ಬಡಾವಣೆಗಳ ನಿರ್ಮಾಣಕ್ಕೆ ಪ್ಲೇಗು ವೇಗ ನೀಡಿತು. ಅಗಲವಾದ ರಸ್ತೆ, ಗಾಳಿಬೆಳಕುಗಳಿಗೆ ಅವಕಾಶವಿದ್ದ ನಿವೇಶನ, ಚರಂಡಿ ವ್ಯವಸ್ಥೆ ಇವೆಲ್ಲವೂ ಆರೋಗ್ಯಶಾಸ್ತ್ರದ ಆಶಯಕ್ಕೆ ಅನುಗುಣವಾಗಿದ್ದವು. ಆದರೆ ನಿವೇಶನ ಕೊಂಡು ಮನೆ ಕಟ್ಟಿಸುವ ಶಕ್ತಿಯಿದ್ದವರು ಮಾತ್ರ ಅಲ್ಲಿಗೆ ಹೋಗಬಲ್ಲವರಾಗಿದ್ದರು. ಪೇಟೆಯ ಇಕ್ಕಟ್ಟಿನ ಕೇರಿಗಳಲ್ಲಿದ್ದ ಬಡವರ ಪಾಲಿಗೆ ಬಂದದ್ದು ತಪಾಸಣೆ ಮತ್ತು ಶಿಬಿರ. ಒಂದೇ ರೋಗಕ್ಕೆ ಒಂದೇ ಸರ್ಕಾರದ ಕಾಲದಲ್ಲಿ ಉಳ್ಳವರಿಗೆ ಬಡಾವಣೆಯೂ ಇಲ್ಲದವರಿಗೆ ನಿರ್ಬಂಧವೂ ಒದಗಿದ್ದು ನಮ್ಮ ಆರೋಗ್ಯ ನೀತಿಯ ಆರಂಭಿಕ ಅಧ್ಯಾಯದ ಗಮನಾರ್ಹ ಸಂಗತಿ.

ಇಲಾಖೆಯ ಉದಯ

ಮೈಸೂರು ಸಂಸ್ಥಾನವು ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನೊಂದಿಗೆ 1929ರಲ್ಲಿ ಪ್ರತ್ಯೇಕ ಆರೋಗ್ಯ ಇಲಾಖೆಯನ್ನು ಸ್ಥಾಪಿಸಿತು. ಅದೇ ವರ್ಷ ಮಂಡ್ಯದಲ್ಲಿ ಗ್ರಾಮೀಣ ಆರೋಗ್ಯ ಘಟಕವು ಆರಂಭವಾಯಿತು. ರೋಗ ಬಂದ ಮೇಲೆ ಚಿಕಿತ್ಸೆ ನೀಡುವುದಕ್ಕಿಂತ ರೋಗ ಬರದಂತೆ ತಡೆಯುವುದು, ಜನನ ಮರಣಗಳನ್ನು ಕ್ರಮವಾಗಿ ದಾಖಲಿಸುವುದು, ತಾಯಿ ಮಕ್ಕಳ ಆರೈಕೆ, ಮಲೇರಿಯಾ ನಿಯಂತ್ರಣ ಮೊದಲಾದವು ಈ ಹೊಸ ದೃಷ್ಟಿಯ ಅಂಗಗಳಾಗಿದ್ದವು. ಸರ್ಕಾರದ ಆರೋಗ್ಯ ಸೇವೆಯನ್ನು ಹಳ್ಳಿಯವರೆಗೆ ಒಯ್ಯುವ ಈ ಪ್ರಯತ್ನ ಅಂದಿನ ಭಾರತದಲ್ಲಿ ಅಪರೂಪದ್ದು ಎನ್ನಬೇಕು. ಆದಾಗ್ಯೂ ಕನ್ನಂಬಾಡಿಯ ನಾಲೆಯಿಂದ ನೀರಾವರಿಗೆ ಒಳಪಡಲಿದ್ದ, ಸಂಸ್ಥಾನದ ಆರ್ಥಿಕ ನಿರೀಕ್ಷೆಯ ಕೇಂದ್ರವಾಗಿದ್ದ ಸೀಮೆಯಲ್ಲಿಯೇ ಇಂತಹ ಘಟಕ ಮೊದಲು ನೆಲೆಗೊಂಡಿತೆಂಬುದನ್ನು ಗಮನಿಸಬೇಕು. ನೀರು ಹರಿದ ಕಡೆ ಆರೋಗ್ಯ ಸೇವೆಯೂ ಹರಿಯಿತು. ಮಳೆಯನ್ನೇ ನಂಬಿದ ಬಯಲುಸೀಮೆ ಕಾಯಬೇಕಾಯಿತು.

1943ರಲ್ಲಿ ನೇಮಕಗೊಂಡು 1946ರಲ್ಲಿ ವರದಿ ಸಲ್ಲಿಸಿದ ಭೋರ್ ಸಮಿತಿಯು, ಹಣ ತೆರಲಾರದ ಕಾರಣಕ್ಕಾಗಿ ಯಾವ ವ್ಯಕ್ತಿಗೂ ಸಮರ್ಪಕ ವೈದ್ಯಕೀಯ ಸೇವೆ ತಪ್ಪಬಾರದೆಂಬ ತತ್ತ್ವವನ್ನು ಪ್ರತಿಪಾದಿಸಿತು. ಸ್ವತಂತ್ರ ಭಾರತದ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಕಲ್ಪನೆಗೆ ಇದೇ ಅಡಿಪಾಯ.

ಏಕೀಕರಣದ ನಂತರ

1956ರ ನವೆಂಬರ್ 1ರಂದು ಏಕೀಕೃತ ರಾಜ್ಯವು ಅಸ್ತಿತ್ವಕ್ಕೆ ಬಂದಾಗ ಅದರ ಭಾಗಗಳು ಸಮಾನ ಬಂಡವಾಳದೊಡನೆ ಒಂದುಗೂಡಲಿಲ್ಲ. ಹಳೆಯ ಮೈಸೂರಿನಲ್ಲಿ 1924ರಿಂದಲೇ ಸರ್ಕಾರಿ ವೈದ್ಯಕೀಯ ಕಾಲೇಜಿತ್ತು. 1957ರಲ್ಲಿ ಹುಬ್ಬಳ್ಳಿಗೂ 1961ರಲ್ಲಿ ಬಳ್ಳಾರಿಗೂ ಸರ್ಕಾರಿ ಕಾಲೇಜುಗಳು ದೊರೆತವು. ಆದರೆ ಹೈದರಾಬಾದ್ ಸಂಸ್ಥಾನದಿಂದ ಬಂದ ಬೀದರ, ಗುಲ್ಬರ್ಗ ಮತ್ತು ರಾಯಚೂರು ಜಿಲ್ಲೆಗಳ ಸ್ಥಿತಿ ಬೇರೆಯಾಗಿತ್ತು. ಗುಲ್ಬರ್ಗದಲ್ಲಿ 1963ರಲ್ಲಿ ಖಾಸಗಿ ಶಿಕ್ಷಣ ಸಂಸ್ಥೆಯೊಂದು ವೈದ್ಯಕೀಯ ಕಾಲೇಜನ್ನು ತೆರೆಯಿತಾದರೂ, ಈ ಪ್ರದೇಶದ ಮೊದಲ ಸರ್ಕಾರಿ ವೈದ್ಯಕೀಯ ಕಾಲೇಜುಗಳು ರಾಯಚೂರು ಮತ್ತು ಬೀದರಗಳಲ್ಲಿ ಆರಂಭವಾದದ್ದು 2007ರಲ್ಲಿ. ಅಂದರೆ ಏಕೀಕರಣವಾಗಿ ಅರ್ಧಶತಮಾನ ಕಳೆದ ಮೇಲೆ. ವೈದ್ಯಕೀಯ ಕಾಲೇಜೆಂದರೆ ಬೋಧನಾ ಆಸ್ಪತ್ರೆ, ತಜ್ಞರು, ದಾದಿಯರು, ಆ ಸೀಮೆಯ ಭಾಷೆ ಬಲ್ಲ ವೈದ್ಯರ ಹೊಸ ತಲೆಮಾರು. ಇವೆಲ್ಲ ಐವತ್ತು ವರ್ಷ ತಡವಾದಾಗ ಕಷ್ಟದ ಹೆರಿಗೆಗೆ ದೂರದ ಪಟ್ಟಣವೇ ಗತಿಯಾಗುತ್ತದೆ. ಆ ದಾರಿಯಲ್ಲಿ ಕಳೆದ ಗಂಟೆಗಳಿಗೆ ಯಾವ ಕಡತದಲ್ಲಿಯೂ ಲೆಕ್ಕವಿಲ್ಲ.

ತಾಲ್ಲೂಕಿನ ಲೆಕ್ಕ

1999ರಲ್ಲಿ ಪ್ರಕಟವಾದ ರಾಜ್ಯದ ಮೊದಲ ಮಾನವ ಅಭಿವೃದ್ಧಿ ವರದಿಯು ಜಿಲ್ಲಾವಾರು ವ್ಯತ್ಯಾಸಗಳನ್ನು ಸರ್ಕಾರದ ದಾಖಲೆಯಲ್ಲಿಯೇ ಮುಂದಿಟ್ಟಿತು. ಅದೇ ವರ್ಷ ಡಾ. ಎಚ್. ಸುದರ್ಶನ್ ಅವರ ಅಧ್ಯಕ್ಷತೆಯಲ್ಲಿ ರಚಿತವಾದ ಆರೋಗ್ಯ ಕಾರ್ಯಪಡೆಯು 2001ರ ಏಪ್ರಿಲ್‌ನಲ್ಲಿ ಅಂತಿಮ ವರದಿ ನೀಡಿತು. ವರದಿಯ ಶೀರ್ಷಿಕೆಯಲ್ಲಿಯೇ ಸಮತೆ, ಗುಣಮಟ್ಟ, ಪ್ರಾಮಾಣಿಕತೆ ಎಂಬ ಮೂರು ಗುರಿಗಳಿದ್ದವು. ಭ್ರಷ್ಟಾಚಾರ, ಸಾರ್ವಜನಿಕ ಆರೋಗ್ಯದ ಕಡೆಗಣನೆ, ಸಮತೆಯ ಬಗೆಗಿನ ಅಲಕ್ಷ್ಯ ಮೊದಲಾದ 12 ಕಳವಳದ ವಿಷಯಗಳನ್ನು ಅದು ಗುರುತಿಸಿತು. ಸರ್ಕಾರವೇ ನೇಮಿಸಿದ ಸಮಿತಿಯೊಂದು ಭ್ರಷ್ಟಾಚಾರವನ್ನು ಆರೋಗ್ಯದ ಸಮಸ್ಯೆಯೆಂದು ನೇರವಾಗಿ ಹೆಸರಿಸಿದ್ದು ಮಹತ್ತ್ವದ ಸಂಗತಿ. ಉಚಿತವಾಗಿ ದೊರೆಯಬೇಕಾದ ಸೇವೆಗೆ ಲಂಚ ತೆರಬೇಕಾದಾಗ ಅದರಿಂದ ಹೊರಗುಳಿಯುವವರು ಬಡವರೇ ಅಲ್ಲವೇ?

2000ದಲ್ಲಿ ರಚಿತವಾಗಿ 2002ರ ಜೂನ್‌ನಲ್ಲಿ ವರದಿ ಸಲ್ಲಿಸಿದ ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ತಾಲ್ಲೂಕನ್ನು ಎಣಿಕೆಯ ಘಟಕವಾಗಿ ಸ್ವೀಕರಿಸಿತು. ವೈದ್ಯರ ಸಂಖ್ಯೆ, ಸರ್ಕಾರಿ ಆಸ್ಪತ್ರೆಗಳ ಹಾಸಿಗೆಗಳ ಸಂಖ್ಯೆ ಇವು ಅದರ ಸೂಚಕಗಳಲ್ಲಿ ಸೇರಿದ್ದವು. 175 ತಾಲ್ಲೂಕುಗಳ ಪೈಕಿ 114 ಹಿಂದುಳಿದವೆಂದೂ ಅವುಗಳಲ್ಲಿ 39 ಅತ್ಯಂತ ಹಿಂದುಳಿದವೆಂದೂ ಸಮಿತಿ ನಿರ್ಣಯಿಸಿತು. ಈ 39ರಲ್ಲಿ 21 ತಾಲ್ಲೂಕುಗಳು ಗುಲ್ಬರ್ಗ ವಿಭಾಗಕ್ಕೆ ಸೇರಿದ್ದವು. ಉಳಿದವುಗಳಲ್ಲಿ 13 ತಾಲ್ಲೂಕುಗಳು ದಕ್ಷಿಣ ಕರ್ನಾಟಕದವೇ ಆಗಿದ್ದವು. ಆದ್ದರಿಂದ ಸಮಸ್ಯೆಯನ್ನು ಉತ್ತರ-ದಕ್ಷಿಣಗಳ ವಿವಾದವಾಗಿ ಮಾತ್ರ ನೋಡುವುದು ಸರಿಯಲ್ಲವೆಂಬುದನ್ನೂ ಈ ವರದಿ ಸ್ಪಷ್ಟಪಡಿಸಿತು. ಸಮಿತಿ ಶಿಫಾರಸು ಮಾಡಿದ ವಿಶೇಷ ಅಭಿವೃದ್ಧಿ ಯೋಜನೆ ಎಂಟು ವರ್ಷಗಳ ಅವಧಿಯ 31,000 ಕೋಟಿ ರೂಪಾಯಿಗಳದು.

ಹಿಂದಿನ ಸಾಲಿನಿಂದ ಆರಂಭ

ತಾಲ್ಲೂಕು ಎಣಿಕೆಯ ಘಟಕವಾದ ಮೇಲೆ ನೀತಿಯ ದಿಕ್ಕಿನಲ್ಲಿಯೂ ಬದಲಾವಣೆ ಕಾಣತೊಡಗಿತು. 2003ರ ಯಶಸ್ವಿನಿ ಯೋಜನೆಯು ಸಹಕಾರ ಸಂಘಗಳ ಸದಸ್ಯರಾದ ರೈತರಿಗೆ ಶಸ್ತ್ರಚಿಕಿತ್ಸೆಯ ಭದ್ರತೆ ಒದಗಿಸಿತು. ಸಂಘದ ಸದಸ್ಯತ್ವವೇ ಅರ್ಹತೆಯಾಗಿದ್ದರಿಂದ ಸಂಘದ ಹೊರಗಿದ್ದ ಭೂರಹಿತ ಕೂಲಿಗಾರರು ಅದರ ವ್ಯಾಪ್ತಿಗೆ ಬರಲಿಲ್ಲ. 2010ರಲ್ಲಿ ಜಾರಿಗೆ ಬಂದ ವಾಜಪೇಯಿ ಆರೋಗ್ಯಶ್ರೀ ಯೋಜನೆಯಾದರೋ ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳಿಗಾಗಿ ರೂಪುಗೊಂಡು, ಮೊದಲು ಗುಲ್ಬರ್ಗ ವಿಭಾಗದಲ್ಲಿ ಆರಂಭವಾಗಿ ನಂತರ ಇತರೆಡೆಗೆ ವಿಸ್ತರಿಸಿತು. ಹಳ್ಳಿಗಳ ಸನಿಹದಲ್ಲಿಯೇ ತಪಾಸಣಾ ಶಿಬಿರಗಳನ್ನು ನಡೆಸಿ ರೋಗಿಗಳನ್ನು ಗುರುತಿಸುವುದು ಇದರ ವೈಶಿಷ್ಟ್ಯ. 1898ರಲ್ಲಿ ಭಯ ಹುಟ್ಟಿಸಿದ್ದ ಶಿಬಿರವೆಂಬ ಪದಕ್ಕೆ ಇಲ್ಲಿ ಬೇರೆಯೇ ಅರ್ಥ ಬಂದಿತು.

ಯೋಜನೆ ಜಾರಿಯಾಗಿದ್ದ 300 ಹಳ್ಳಿಗಳನ್ನು ಜಾರಿಯಾಗಿರದ ನೆರೆಯ 272 ಹಳ್ಳಿಗಳೊಡನೆ ಹೋಲಿಸಿ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಅಧ್ಯಯನವು, ಯೋಜನೆಗೆ ಒಳಪಟ್ಟ ರೋಗಗಳಿಂದ ಬಡ ಕುಟುಂಬಗಳಲ್ಲಿ ಸಂಭವಿಸಿದ ಮರಣ ಪ್ರಮಾಣವು ಶೇ. 0.90ಕ್ಕೆ ಬದಲಾಗಿ ಶೇ. 0.32 ಇದ್ದುದನ್ನು ತೋರಿಸಿತು. ಹಿಂದಿನ ಸಾಲಿನಿಂದ ಆರಂಭಿಸಿದ ನೀತಿ ಜೀವ ಉಳಿಸಬಲ್ಲದೆಂಬುದಕ್ಕೆ ಇದು ಗಟ್ಟಿಯಾದ ಆಧಾರ. 2018ರಲ್ಲಿ ಆರೋಗ್ಯ ಕರ್ನಾಟಕ ಯೋಜನೆ ಬಂದು, ಅದೇ ವರ್ಷ ಆಯುಷ್ಮಾನ್ ಭಾರತದೊಡನೆ ಸಂಯೋಜನೆಗೊಂಡಿತು. ಶಾಲಾ ಮಕ್ಕಳಿಗೆ ಮೊಟ್ಟೆ ನೀಡುವ ಕಾರ್ಯಕ್ರಮವೂ 2021ರಲ್ಲಿ ಕಲ್ಯಾಣ ಕರ್ನಾಟಕ ಮತ್ತು ವಿಜಯಪುರದ ಜಿಲ್ಲೆಗಳಲ್ಲಿ ಮೊದಲಾಗಿ, ವಿರೋಧದ ನಡುವೆಯೂ 2022ರಲ್ಲಿ ಇತರ ಜಿಲ್ಲೆಗಳಿಗೆ ಹರಡಿತು.

ಮನೆಯೊಳಗಿನ ಅಂತರ

ಆದರೂ ತಾಲ್ಲೂಕೂ ಒಂದು ಸರಾಸರಿಯೇ. ಗೀತಾ ಸೇನ್ ಮತ್ತು ಅದಿತಿ ಅಯ್ಯರ್ ಅವರು ಕೊಪ್ಪಳ ಜಿಲ್ಲೆಯಲ್ಲಿ ನಡೆಸಿದ ಸಂಶೋಧನೆಯು, ದೀರ್ಘಕಾಲದ ಕಾಯಿಲೆಗೆ ಚಿಕಿತ್ಸೆ ಪಡೆಯದಿರುವುದು ಅಥವಾ ನಡುವೆಯೇ ನಿಲ್ಲಿಸುವುದು ವರ್ಗ ಮತ್ತು ಲಿಂಗ ಎರಡನ್ನೂ ಅವಲಂಬಿಸಿರುವುದನ್ನು ಬೆಳಕಿಗೆ ತಂದಿತು. ಒಂದೇ ಬಡ ಮನೆಯಲ್ಲಿ ಗಂಡಸಿನ ಔಷಧಿಗೆ ದೊರೆಯುವ ಹಣ ಹೆಂಗಸಿನ ಔಷಧಿಗೆ ದೊರೆಯದಿರಬಹುದು. 2019–20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ ಐದು ವರ್ಷದೊಳಗಿನ ಮಕ್ಕಳ ಪೈಕಿ ಸುಮಾರು ಶೇ. 35ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಯಾದಗಿರಿಯಲ್ಲಿ ಈ ಪ್ರಮಾಣ ಅರ್ಧಕ್ಕಿಂತ ಹೆಚ್ಚು. ಶಸ್ತ್ರಚಿಕಿತ್ಸೆಯ ವೆಚ್ಚ ಭರಿಸುವ ಯಾವ ವಿಮೆಯೂ ಈ ಕೊರತೆಯನ್ನು ನೀಗಲಾರದು. ಅದಕ್ಕೆ ಬೇಕಾದದ್ದು ಆಹಾರ, ಶುದ್ಧ ನೀರು, ತಾಯಿಯ ವಿದ್ಯೆ ಮತ್ತು ವಿಶ್ರಾಂತಿ.

ಉಪಸಂಹಾರ

ಮೇಲಿನ ವಿವೇಚನೆಯಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ನಮ್ಮ ಸಾರ್ವಜನಿಕ ಆರೋಗ್ಯ ವ್ಯವಸ್ಥೆಯು ಬಹುಕಾಲ ರಾಜಧಾನಿಯಿಂದ, ನೀರಾವರಿ ಸೀಮೆಯಿಂದ, ದನಿಯಿದ್ದವರಿಂದ ಆರಂಭವಾಗಿ ಉಳಿದವರನ್ನು ಕಡೆಗೆ ತಲುಪಿತು. ಎರಡನೆಯದಾಗಿ, ರಾಜ್ಯದ ಸರಾಸರಿಯನ್ನು ಬಿಟ್ಟು ತಾಲ್ಲೂಕನ್ನು ಎಣಿಸಿದ ನಂತರವೇ ಈ ಕ್ರಮವು ಕೆಲಮಟ್ಟಿಗೆ ತಿರುಗುಮುರುಗಾಯಿತು. ಜಾತಿ, ಲಿಂಗ ಮತ್ತು ಮನೆಯ ಮಟ್ಟದ ಎಣಿಕೆ ಇನ್ನೂ ಅಲ್ಲೊಂದು ಇಲ್ಲೊಂದು ಸಂಶೋಧನೆಗೆ ಸೀಮಿತವಾಗಿದೆ. ಅದು ಆಡಳಿತದ ನಿತ್ಯದ ಲೆಕ್ಕವಾಗಬೇಕಾಗಿದೆ. ತಾಲ್ಲೂಕು ಕಚೇರಿಗಳ ಜನನ ಮರಣ ದಾಖಲೆಗಳನ್ನು ಹುಡುಕಿ, ಸಂರಕ್ಷಿಸಿ, ಅಭ್ಯಸಿಸುವ ಹೊಣೆ ಇತಿಹಾಸಕಾರರದೂ ಹೌದು. ಎಣಿಕೆಗೆ ಬಾರದ ಸಾವು ನೀತಿಯ ಗಮನಕ್ಕೂ ಬರುವುದಿಲ್ಲ.