ಟಕಯಾಸು ಆರ್ಟರೈಟಿಸ್: ಎರಡೂ ಕೈಯ ಬಿಪಿ ನೋಡಿದ್ರಾ?

ಇಪ್ಪತ್ತೈದರ ಹುಡುಗಿ ಸುಸ್ತು, ಸಣ್ಣ ಜ್ವರ, ಬಟ್ಟೆ ಒಗೆದರೆ ಕೈಸೋಲು ಅಂತ ಕ್ಲಿನಿಕ್‌ಗೆ ಹೋದರೆ ಸಿಗುವ ಉತ್ತರ ಸಾಮಾನ್ಯವಾಗಿ ಎರಡೇ: ರಕ್ತ ಕಡಿಮೆ, ಇಲ್ಲವೇ ಟೆನ್ಷನ್. ಬಹುತೇಕ ಸಲ ಅದು ಸರಿಯೂ ಇರುತ್ತೆ. ಅಪರೂಪಕ್ಕೆ ಅದು ಟಕಯಾಸು ಆರ್ಟರೈಟಿಸ್ ಆಗಿರುತ್ತೆ.

ಹೃದಯದಿಂದ ಹೊರಡುವ ಮಹಾಪಧಮನಿ ಮತ್ತು ಅದರ ದೊಡ್ಡ ಕವಲುಗಳ ಗೋಡೆ ಉರಿಯೂತದಿಂದ ದಪ್ಪಗಾಗಿ, ರಕ್ತದ ದಾರಿ ಕಿರಿದಾಗುವ ಕಾಯಿಲೆ ಇದು. ಹೆಚ್ಚಾಗಿ ನಲವತ್ತರೊಳಗಿನ ಹೆಣ್ಣುಮಕ್ಕಳಿಗೆ ಬರುತ್ತದೆ. 1908ರಲ್ಲಿ ಜಪಾನಿನ ಕಣ್ಣಿನ ವೈದ್ಯ ಮಿಕಿಟೊ ಟಕಯಾಸು ಯುವತಿಯೊಬ್ಬಳ ಕಣ್ಣಿನ ರಕ್ತನಾಳಗಳಲ್ಲಿ ಕಂಡ ವಿಚಿತ್ರ ಬದಲಾವಣೆಯನ್ನು ವರದಿ ಮಾಡಿದರು. ಇಂಥ ರೋಗಿಗಳ ಮಣಿಕಟ್ಟಿನಲ್ಲಿ ನಾಡಿಯೇ ಸಿಗದಿರುವುದು ಬೇರೆ ವೈದ್ಯರ ಗಮನಕ್ಕೂ ಬಂದಿತ್ತು. 'ನಾಡಿ ಇಲ್ಲದ ಕಾಯಿಲೆ' ಎಂಬ ಹೆಸರು ಬಂದದ್ದು ಹಾಗೆ.

ನಾನು ಓದಿದ್ದು ಇಂಜಿನಿಯರಿಂಗ್. ಪೈಪು ಎಲ್ಲಿ ಕಟ್ಟಿದೆ ಅಂತ ತಿಳಿಯೋಕೆ ಒಂದೇ ಕಡೆ ಪ್ರೆಷರ್ ನೋಡಿದರೆ ಸಾಲಲ್ಲ. ಇಲ್ಲೂ ಅಷ್ಟೇ. 1990ರ ಅಮೆರಿಕನ್ ಮಾನದಂಡದಲ್ಲಿ ಎರಡು ಕೈಗಳ ಮೇಲಿನ ಬಿಪಿಯಲ್ಲಿ 10ಕ್ಕಿಂತ ಹೆಚ್ಚು ವ್ಯತ್ಯಾಸವನ್ನು ಸುಳಿವೆಂದು ಪರಿಗಣಿಸುತ್ತಿದ್ದರು. 2022ರ ಹೊಸ ಮಾನದಂಡದಲ್ಲಿ ಅದು 20. ವ್ಯತ್ಯಾಸ ಇದ್ದ ಮಾತ್ರಕ್ಕೆ ಇದೇ ಕಾಯಿಲೆ ಅಂತಲ್ಲ, ಮುಂದಿನ ಪರೀಕ್ಷೆಗೆ ಕಾರಣ ಅಷ್ಟೇ. ಇನ್ನೊಂದು ಅಪಾಯವೂ ಇದೆ: ಮೂತ್ರಪಿಂಡದ ರಕ್ತನಾಳ ಕಿರಿದಾದರೆ ಬಿಪಿ ಏರುತ್ತೆ, ಆದರೆ ಕೈಯ ರಕ್ತನಾಳವೂ ಕಟ್ಟಿದ್ದರೆ ಆ ಕೈಯಲ್ಲಿ ಮಷಿನ್ ನಾರ್ಮಲ್ ತೋರಿಸಬಹುದು.

ಕುತ್ತಿಗೆ, ಹೊಟ್ಟೆಯ ಮೇಲೆ ಸ್ಟೆತಸ್ಕೋಪ್ ಇಟ್ಟಾಗ ಕೇಳುವ ಸುಯ್ಯೆನ್ನುವ ಸದ್ದು ಮತ್ತೊಂದು ಸುಳಿವು. ಇಎಸ್‌ಆರ್, ಸಿಆರ್‌ಪಿ ನಾರ್ಮಲ್ ಬಂದರೂ ಕಾಯಿಲೆ ಒಳಗೆ ಸಕ್ರಿಯವಾಗಿರಬಹುದು. ಖಚಿತಪಡಿಸೋಕೆ ಡಾಪ್ಲರ್, ಸಿಟಿ ಅಥವಾ ಎಂಆರ್ ಆಂಜಿಯೋಗ್ರಾಂ ಬೇಕು. ಬೇಗ ಗೊತ್ತಾದರೆ ಸ್ಟೆರಾಯ್ಡ್ ಮತ್ತು ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಗಳಿಂದ ಹತೋಟಿಗೆ ತರಬಹುದು. ತಡವಾದರೆ ಪಾರ್ಶ್ವವಾಯು, ಹೃದಯ ವೈಫಲ್ಯದ ಭಯ.

ಈಗ ರಾಜಕೀಯದ ಮಾತು. ಸರ್ಕಾರದ ಬಿಪಿ ತಪಾಸಣಾ ಕಾರ್ಯಕ್ರಮದ ಗುರಿ 30 ದಾಟಿದವರು. ಈ ಕಾಯಿಲೆಯೋ ಎಷ್ಟೋ ಸಲ ಅದಕ್ಕೂ ಮೊದಲೇ ಶುರುವಾಗುತ್ತೆ. ಇದಕ್ಕೆ ದೊಡ್ಡ ಬಜೆಟ್ ಬೇಕಿಲ್ಲ. ಹುಡುಗಿಯರ ಸುಸ್ತನ್ನು ನಂಬಬೇಕು, ಅದೇ ಬಿಪಿ ಪಟ್ಟಿಯನ್ನು ಇನ್ನೊಂದು ಕೈಗೂ ಸುತ್ತಬೇಕು. ಡಾಕ್ಟರ್ ಸುತ್ತದಿದ್ದರೆ ನೀವೇ ಕೇಳಿ.