ಎತ್ತಿನ ಬಿಡಾರದಿಂದ ಬ್ಯಾಟರಿ ಬಿಡಾರದವರೆಗೆ

ಬೆಳಗಾವಿಯಿಂದ ಬಾಗಲಕೋಟೆಯ ಕಡೆಗೆ ಹೊರಟರೆ ಸುಮಾರು 10 ಕಿ.ಮೀ. ದೂರದಲ್ಲಿ ಸಾಂಬ್ರಾ ಸಿಗುತ್ತದೆ. ಹೊರಗಿನವರಿಗೆ ಈ ಹೆಸರು ವಿಮಾನ ನಿಲ್ದಾಣದಿಂದಾಗಿ ಪರಿಚಿತ. ಆದರೆ ಊರಿನ ರಸ್ತೆಯಲ್ಲಿ ನಿಂತು ನೋಡಿದರೆ ಸಾಗಣೆಯ ಎಲ್ಲ ಕಾಲಗಳೂ ಒಟ್ಟಿಗೇ ಕಾಣುತ್ತವೆ. ಹೊಲಕ್ಕೆ ಹೊರಟ ಚಕ್ಕಡಿ, ಕಬ್ಬು ಹೇರಿದ ಟ್ರ್ಯಾಕ್ಟರು, ಪರಸ್ಥಳದ ಲಾರಿ, ನೆತ್ತಿಯ ಮೇಲೆ ಇಳಿಯುವ ವಿಮಾನ. ಈ ಸಾಲಿಗೆ ಈಗ ಸದ್ದು, ಹೊಗೆ ಎರಡೂ ಇಲ್ಲದ ವಿದ್ಯುತ್ ಲಾರಿಯೂ ಸೇರಬೇಕೆಂಬುದು ಸರ್ಕಾರದ ಬಯಕೆ.

ಅದಕ್ಕೆ ಕಾರಣವಿದೆ. ದೇಶದ ಒಟ್ಟು ವಾಹನಗಳಲ್ಲಿ ಡೀಸೆಲ್ ಲಾರಿಗಳ ಪಾಲು ಕೇವಲ ಶೇ. 3. ಆದರೆ ಸಾರಿಗೆಯಿಂದ ಹೊಮ್ಮುವ ಹಸಿರುಮನೆ ಅನಿಲಗಳಲ್ಲಿ ಅವುಗಳ ಪಾಲು ಶೇ. 42 ಎಂದು ಕೇಂದ್ರ ಸರ್ಕಾರವೇ ಹೇಳಿದೆ. 2024ರಲ್ಲಿ ಆರಂಭವಾದ ಪಿಎಂ ಇ-ಡ್ರೈವ್ ಯೋಜನೆಯ ಅಡಿಯಲ್ಲಿ, 2025ರ ಜುಲೈನಲ್ಲಿ ವಿದ್ಯುತ್ ಲಾರಿಗೂ ಸಹಾಯಧನ ಪ್ರಕಟವಾಯಿತು. ಒಂದು ಲಾರಿಗೆ ಗರಿಷ್ಠ 9.6 ಲಕ್ಷ ರೂಪಾಯಿ. ಇಡೀ ದೇಶದಲ್ಲಿ ಸುಮಾರು 5,600 ಲಾರಿಗಳಿಗೆ.

ಲಾರಿ ಮಾಲೀಕನಿಗೆ ಮೊದಲು ಹೊಳೆಯುವ ಪ್ರಶ್ನೆ ಹೊಗೆಯದಲ್ಲ. ಚಾರ್ಜು ಮುಗಿದರೆ ಗಾಡಿ ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತು ನಿಲ್ಲಬೇಕು, ನಿಂತಷ್ಟು ಹೊತ್ತಿನ ಬಾಡಿಗೆಯನ್ನು ಯಾರು ಕೊಡುತ್ತಾರೆ ಎಂಬುದು ಅವನ ಚಿಂತೆ. ಈ ಪ್ರಶ್ನೆ ಹೊಸದೇನೂ ಅಲ್ಲ. ಬೆಳಗಾವಿ, ಖಾನಾಪುರ ಸೀಮೆಯ ಸಾಗಣೆಯ ಚರಿತ್ರೆಯನ್ನು ತಿರುವಿದರೆ, ಗಾಡಿ ಬದಲಾದಾಗಲೆಲ್ಲ ಇದೇ ಪ್ರಶ್ನೆ ಎದ್ದಿರುವುದು ಕಂಡುಬರುತ್ತದೆ.

ಉಪ್ಪು ಮೇಲಕ್ಕೆ, ಧಾನ್ಯ ಕೆಳಕ್ಕೆ

ಬೆಳಗಾವಿ ಸಮುದ್ರ ಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಪಶ್ಚಿಮಕ್ಕೆ ಸಹ್ಯಾದ್ರಿಯ ಅಂಚು, ಅದರ ಕೆಳಗೆ ಕೊಂಕಣ. ಈ ಇಳಿಜಾರೇ ಇಲ್ಲಿನ ವ್ಯಾಪಾರವನ್ನು ರೂಪಿಸಿತು. ಕರಾವಳಿಯಿಂದ ಉಪ್ಪು, ತೆಂಗು, ಅಡಕೆ ಮೇಲೆ ಬರುತ್ತಿದ್ದವು. ಬಯಲುಸೀಮೆಯ ಧಾನ್ಯ ಕೆಳಗೆ ಹೋಗುತ್ತಿತ್ತು. ರಸ್ತೆಗಳಿಲ್ಲದ ಕಾಲದಲ್ಲಿ ಈ ಕೆಲಸ ಮಾಡಿದವು ಲಂಬಾಣಿಗಳ ಹೇರೆತ್ತುಗಳು. ಎತ್ತು ನಡೆದಷ್ಟು ದೂರ ಒಂದು ದಿನದ ದಾರಿ; ನೀರು, ಮೇವು ಇದ್ದಲ್ಲಿ ಬಿಡಾರ.

ಸಂಗೊಳ್ಳಿ ರಾಯಣ್ಣನ ಬಲಿದಾನದಿಂದ ಎಲ್ಲರಿಗೂ ಗೊತ್ತಿರುವ ಖಾನಾಪುರ ತಾಲ್ಲೂಕಿನ ನಂದಗಡ, 19ನೇ ಶತಮಾನದಲ್ಲಿ ಗೋವಾ ವ್ಯಾಪಾರದ ದೊಡ್ಡ ಪೇಟೆಯೂ ಆಗಿತ್ತು. ಗೋವಾದ ತೆಂಗಿನಕಾಯಿ, ಕೊಬ್ಬರಿ ಎಣ್ಣೆ, ಉಪ್ಪು ಇಲ್ಲಿ ಇಳಿಯುತ್ತಿದ್ದವು. ಗೋಧಿ ಮತ್ತಿತರ ಧಾನ್ಯ ಇಲ್ಲಿಂದ ಏರುತ್ತಿದ್ದವು. ಘಾಟು ಏರಿ ದಣಿದ ಎತ್ತುಗಳು ನಿಲ್ಲಲೇಬೇಕಿತ್ತು. ನಿಂತಲ್ಲಿ ಮೇವಿನವರು, ಲಾಳ ಕಟ್ಟುವವರು, ಗಾಲಿ ಸರಿಮಾಡುವ ಬಡಿಗರು, ಸಾಲ ಕೊಡುವ ಸಾಹುಕಾರರು ಸೇರುತ್ತಿದ್ದರು. ಘಾಟಿನ ದಾರಿಯ ಪೇಟೆಗಳಿಗೆ ಇಂಥ ಬಿಡಾರಗಳೇ ಜೀವ.

ಹಳಿ ಹಾಯ್ದ ದಾರಿ

1818ರಲ್ಲಿ ಬೆಳಗಾವಿ ಬ್ರಿಟಿಷರ ಕೈಸೇರಿತು. ದಂಡಿಗೆ ಬೇಕಾದ ಸರಕು ವೆಂಗುರ್ಲಾ ಬಂದರಿನಿಂದ ಘಾಟು ಏರಿ ಬರತೊಡಗಿತು. ಅಮೆರಿಕದ ಅಂತರ್ಯುದ್ಧದ ವರ್ಷಗಳಲ್ಲಿ (1861-65) ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಸಿಗದಾದಾಗ ಧಾರವಾಡ ಸೀಮೆಯ ಹತ್ತಿಗೆ ಭಾರೀ ಬೇಡಿಕೆ ಬಂತು. ಘಾಟಿನ ರಸ್ತೆಗಳು ಸುಧಾರಿಸಿದವು. ಹೇರೆತ್ತಿನ ಜಾಗಕ್ಕೆ ಚಕ್ಕಡಿ ಬಂತು.

1880ರ ದಶಕದ ಕೊನೆಗೆ ಸದರ್ನ್ ಮರಾಠಾ ರೈಲ್ವೆಯ ಮೀಟರ್ ಗೇಜ್ ಹಳಿ ಬೆಳಗಾವಿ, ಖಾನಾಪುರ, ಲೋಂಡಾ ಮಾರ್ಗವಾಗಿ ಹಾಯಿತು. ಕ್ಯಾಸಲ್‌ರಾಕ್‌ನಿಂದ ಕೆಳಗೆ ಪೋರ್ಚುಗೀಸ್ ಗೋವಾದ ಮುರ್ಮಗೋವಾ ಬಂದರಿಗೆ ಸಂಪರ್ಕ ದೊರೆಯಿತು. ಹಳಿ ನಂದಗಡಕ್ಕೆ ಹೋಗಲಿಲ್ಲ. ವೆಂಗುರ್ಲಾದ ವ್ಯಾಪಾರವೂ ಕುಗ್ಗಿತು. ಉಗಿಬಂಡಿಗೂ ನೀರು, ಕಲ್ಲಿದ್ದಲು ಬೇಕೇ ಬೇಕು. 37 ಅಡಿಗೆ ಒಂದು ಅಡಿ ಏರುವ ಕ್ಯಾಸಲ್‌ರಾಕ್ ಘಾಟಿನಲ್ಲಿ ಹಿಂದಿನಿಂದ ತಳ್ಳಲು ಹೆಚ್ಚುವರಿ ಎಂಜಿನ್ನೂ ಬೇಕು. ಹೀಗೆ ಹೊಸ ಬಿಡಾರಗಳು ಹುಟ್ಟಿದವು. ಲೋಂಡಾ ಜಂಕ್ಷನ್ ಊರಾಯಿತು. ಬಿಡಾರ ಎಲ್ಲಿಗೆ ಸರಿಯುತ್ತದೆಯೋ ದುಡ್ಡೂ ಅಲ್ಲಿಗೆ ಸರಿಯುತ್ತದೆ ಎಂಬುದು ಇಲ್ಲಿ ಮೊದಲ ಬಾರಿಗೆ ಸ್ಪಷ್ಟವಾಯಿತು.

ಇದ್ದಿಲಿನ ದಿನಗಳು

ಎರಡನೇ ಮಹಾಯುದ್ಧದ ಸಮಯ. 1942ರಲ್ಲಿ ಬ್ರಿಟಿಷ್ ವಾಯುಪಡೆ ಸಾಂಬ್ರಾದಲ್ಲಿ ವಿಮಾನ ನೆಲೆ ನಿರ್ಮಿಸಿತು. ಪೆಟ್ರೋಲು ಯುದ್ಧಕ್ಕೆ ಮೀಸಲಾಗಿ ನಾಗರಿಕರಿಗೆ ರೇಷನ್ ಬಂತು. ದೇಶದ ಉದ್ದಗಲಕ್ಕೂ ಬಸ್ಸು, ಲಾರಿಗಳ ಹಿಂದೆ ದೊಡ್ಡ ಒಲೆಯಂಥ ಪೀಪಾಯಿ ಕೂತಿತು. ಅದರಲ್ಲಿ ಇದ್ದಿಲು ಉರಿಸಿ, ಬಂದ ಗ್ಯಾಸಿನಿಂದ ಎಂಜಿನ್ ಓಡಿಸುತ್ತಿದ್ದರು. ಹೊರಡುವ ಮುನ್ನ ಕ್ಲೀನರ್ ತಿದಿ ತಿರುಗಿಸಬೇಕು. ಏರು ಬಂದರೆ ಪ್ರಯಾಣಿಕರು ಇಳಿದು ತಳ್ಳಬೇಕು. ಹಳಬರ ನೆನಪಿನಲ್ಲಿ ಈ ಕಥೆಗಳು ಬಹುಕಾಲ ಉಳಿದಿದ್ದವು.

ಇಂಧನವನ್ನು ಬದಲಿಸುವುದು ನಮ್ಮ ವಾಹನಗಳಿಗೆ ಹೊಸ ಅನುಭವವಲ್ಲ ಎಂಬುದಕ್ಕೆ ಇದೇ ಸಾಕ್ಷಿ. ಆದರೆ ಇದ್ದಿಲಿನ ಗ್ಯಾಸು ಅನಿವಾರ್ಯತೆಯ ಕೂಸು. ಪೆಟ್ರೋಲು ಮತ್ತೆ ಸಿಕ್ಕೊಡನೆ ಮಾಲೀಕರು ಪೀಪಾಯಿಗಳನ್ನು ಕಿತ್ತೊಗೆದರು. ದಾರಿಯಲ್ಲಿ ಹೆಚ್ಚು ಹೊತ್ತು ನಿಲ್ಲಿಸುವ ಇಂಧನ ಬಾಳಲಿಲ್ಲ.

ಒಂದು ಲಾರಿಯ ಮಾಲೀಕ

ಡೀಸೆಲ್ ಲಾರಿಯ ಕಾಲ ಬಂದದ್ದು ಸ್ವಾತಂತ್ರ್ಯದ ನಂತರ. 1954ರಲ್ಲಿ ಟೆಲ್ಕೊ ಕಂಪನಿ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆಗೂಡಿ ಜಮ್ಶೆಡ್‌ಪುರದಲ್ಲಿ ಲಾರಿ ತಯಾರಿಕೆ ಆರಂಭಿಸಿತು. ಬೆಳಗಾವಿಗೆ ಪುಣೆ-ಬೆಂಗಳೂರು ಹೆದ್ದಾರಿಯ ಅನುಕೂಲವಿತ್ತು. ಗೋವಾದ ದಾರಿ ಮಾತ್ರ 1955ರ ಆರ್ಥಿಕ ದಿಗ್ಬಂಧನದಿಂದ ಮುಚ್ಚಿತ್ತು. 1961ರ ಡಿಸೆಂಬರಿನ ವಿಮೋಚನಾ ಕಾರ್ಯಾಚರಣೆಗೆ ಬೆಳಗಾವಿಯಲ್ಲಿ ಸೇನೆ ಜಮಾಯಿಸಿತು. ಸಾಂಬ್ರಾದ ವಾಯುನೆಲೆಯೂ ಬಳಕೆಯಾಯಿತು. ಅನಂತರ ಬೆಳಗಾವಿಯ ತರಕಾರಿ, ಹಾಲು ಮತ್ತೆ ಘಾಟು ಇಳಿಯತೊಡಗಿದವು.

ಆದರೆ ಲಾರಿಯನ್ನು ಸಾಮಾನ್ಯನ ಕೈಗೆ ತಂದದ್ದು ಎಂಜಿನ್ನಿನ ಶಕ್ತಿಯಲ್ಲ, ಸಾಲದ ಸೌಲಭ್ಯ. 1969ರಲ್ಲಿ ಬ್ಯಾಂಕುಗಳು ರಾಷ್ಟ್ರೀಕರಣಗೊಂಡವು. ಸಣ್ಣ ಸಾರಿಗೆ ಮಾಲೀಕರು ಆದ್ಯತೆಯ ಸಾಲಕ್ಕೆ ಅರ್ಹರಾದರು. 1975ರಲ್ಲಿ ರಾಷ್ಟ್ರೀಯ ಪರವಾನಗಿ ಯೋಜನೆ ಬಂತು. ಮರುವರ್ಷ, 1976ರಲ್ಲಿ, ಗದುಗಿನ ವಿಜಯ ಸಂಕೇಶ್ವರ ಒಂದೇ ಲಾರಿಯಿಂದ ಆರಂಭಿಸಿದ ಉದ್ಯಮ ಮುಂದೆ ವಿಆರ್‌ಎಲ್ ಆಗಿ ಬೆಳೆದದ್ದು ಉತ್ತರ ಕರ್ನಾಟಕದ ಮನೆಮಾತು. ಎಲ್ಲರೂ ಅಷ್ಟು ಬೆಳೆಯಲಿಲ್ಲ. ಇಂದಿಗೂ ದೇಶದ ಲಾರಿ ಮಾಲೀಕರಲ್ಲಿ ಹೆಚ್ಚಿನವರ ಬಳಿ ಇರುವುದು ಐದಕ್ಕಿಂತ ಕಡಿಮೆ ಗಾಡಿ. ಕ್ಲೀನರ್ ಆಗಿ ಸೇರಿ, ಡ್ರೈವರ್ ಆಗಿ, ಕೊನೆಗೆ ಹಳೆಯ ಲಾರಿಯೊಂದನ್ನು ಕೊಂಡು ಮಾಲೀಕನಾಗುವುದು ಈ ಧಂದೆಯ ಏಣಿ.

ಡೀಸೆಲ್ ಲಾರಿಗೂ ನಿಲುಗಡೆಗಳಿದ್ದವು. ಊರ ಬಾಗಿಲಿನ ಆಕ್ಟ್ರಾಯ್ ನಾಕಾ ಕರ್ನಾಟಕದಲ್ಲಿ 1979ರಲ್ಲಿ ಹೋಯಿತು. ನಿಪ್ಪಾಣಿ ಬಳಿಯ ಗಡಿಯಲ್ಲಿ ತೆರಿಗೆ ತಪಾಸಣೆಗಾಗಿ ಕಾಯುವ ಕಾಟ 2017ರ ಜುಲೈನಲ್ಲಿ ಜಿಎಸ್‌ಟಿ ಬಂದ ಮೇಲೆ ತಪ್ಪಿತು. ಇಷ್ಟು ವರ್ಷ ಕಳೆದು ನಿಲುಗಡೆಗಳು ಕಡಿಮೆಯಾದಾಗಲೇ, ಹೊಸದೊಂದು ನಿಲುಗಡೆಯನ್ನು ಹೊತ್ತುಕೊಂಡು ವಿದ್ಯುತ್ ಲಾರಿ ಬರುತ್ತಿದೆ.

ಘಾಟಿನ ಲೆಕ್ಕ

ಲೆಕ್ಕ ಹಾಕಿದರೆ ವಿದ್ಯುತ್ ಲಾರಿಯ ಪರ ಗಟ್ಟಿ ವಾದವಿದೆ. ಭಾರೀ ಡೀಸೆಲ್ ಲಾರಿ ಲೀಟರಿಗೆ 4 ಕಿ.ಮೀ. ಓಡುತ್ತದೆ, ಡೀಸೆಲ್ ಲೀಟರಿಗೆ 90 ರೂಪಾಯಿ ಎಂದು ಹಿಡಿಯೋಣ. ಕಿ.ಮೀ.ಗೆ ಇಪ್ಪತ್ತೆರಡೂವರೆ ರೂಪಾಯಿ ಖರ್ಚು. ವಿದ್ಯುತ್ ಲಾರಿಗೆ ಕಿ.ಮೀ.ಗೆ ಒಂದೂಕಾಲು ಯುನಿಟ್, ಯುನಿಟ್ಟಿಗೆ 10 ರೂಪಾಯಿ ಎಂದರೆ ಹನ್ನೆರಡೂವರೆ ರೂಪಾಯಿ. ವರ್ಷಕ್ಕೆ 60,000 ಕಿ.ಮೀ. ಓಡಿಸಿದರೆ 6 ಲಕ್ಷ ರೂಪಾಯಿ ಉಳಿತಾಯ.

ಬೆಳಗಾವಿಗೆ ಇನ್ನೊಂದು ಅನುಕೂಲವನ್ನು ಭೂಗೋಳವೇ ಕೊಟ್ಟಿದೆ. ಜಾಂಬೋಟಿ, ಕಣಕುಂಬಿ, ಚೋರ್ಲಾ ದಾರಿಯಲ್ಲಿ ತರಕಾರಿ ಹೇರಿದ ಗಾಡಿ ಇಳಿಯುತ್ತದೆ. ಬರುವಾಗ ಎಷ್ಟೋ ಸಲ ಹಗುರ. ಇಳಿಜಾರಿನಲ್ಲಿ ವಿದ್ಯುತ್ ಮೋಟಾರು ಬ್ರೇಕಿನ ಕೆಲಸ ಮಾಡುತ್ತ ಡೈನಮೋದಂತೆ ವಿದ್ಯುತ್ ಉತ್ಪಾದಿಸಿ ಬ್ಯಾಟರಿಗೆ ತುಂಬುತ್ತದೆ. 10 ಟನ್ ತೂಕದ ಗಾಡಿ 700 ಮೀಟರ್ ಇಳಿದರೆ ಭೌತಶಾಸ್ತ್ರದ ಲೆಕ್ಕದಲ್ಲಿ ಸುಮಾರು 19 ಯುನಿಟ್ ಶಕ್ತಿ ಬಿಡುಗಡೆಯಾಗುತ್ತದೆ. ಘರ್ಷಣೆಗೆ ಹೋದದ್ದನ್ನು ಕಳೆದು ಉಳಿದದ್ದರಲ್ಲಿ ಒಂದು ಪಾಲು ಮರಳಿ ದಕ್ಕುತ್ತದೆ. ಡೀಸೆಲ್ ಲಾರಿಯಲ್ಲಿ ಇದೆಲ್ಲ ಎಂಜಿನ್ನಿನಲ್ಲೂ ಬ್ರೇಕಿನ ಬಿಸಿಯಲ್ಲೂ ಪೋಲು. ಸ್ವಿಟ್ಜರ್ಲೆಂಡಿನ ಬೀಲ್ ಪಟ್ಟಣದ ಬಳಿಯ ಕಲ್ಲುಗಣಿಯಲ್ಲಿ, ತುಂಬಿಕೊಂಡು ಇಳಿದು ಖಾಲಿಯಾಗಿ ಏರುವ ದೈತ್ಯ ವಿದ್ಯುತ್ ಟಿಪ್ಪರ್ ಇದೇ ತತ್ವದ ಮೇಲೆ ಓಡಿದೆ.

ತೊಡಕಿರುವುದು ಕೊಳ್ಳುವಲ್ಲಿ. ಭಾರೀ ವಿದ್ಯುತ್ ಲಾರಿಯ ಬೆಲೆ ಡೀಸೆಲ್ ಲಾರಿಯ ಎರಡು ಪಟ್ಟಿಗಿಂತ ಹೆಚ್ಚು. ದಿನಾ ಓಡುವ ಗಾಡಿಗೆ ಉಳಿತಾಯದಲ್ಲೇ ಕಂತು ಕಟ್ಟಬಹುದು. ಲೋಡಿಗಾಗಿ ವಾರದಲ್ಲಿ ಮೂರು ದಿನ ಎಪಿಎಂಸಿ ಬಳಿ ಕಾಯುವ ಗಾಡಿಗೆ ಉಳಿತಾಯ ಅರ್ಧಕ್ಕಿಳಿಯುತ್ತದೆ, ಕಂತು ಮಾತ್ರ ಇಳಿಯುವುದಿಲ್ಲ. ಸಹಾಯಧನ ಬೇಕೆಂದರೆ ಹಳೆಯ ಲಾರಿಯೊಂದನ್ನು ಗುಜರಿಗೆ ಹಾಕಿದ ಪ್ರಮಾಣಪತ್ರವನ್ನೂ ತೋರಿಸಬೇಕು. ಡ್ರೈವರ್ ಮಾಲೀಕನಾಗುವ ಏಣಿಯ ಮೆಟ್ಟಿಲು ಆ ಹಳೆಯ ಲಾರಿಯೇ ಎಂಬುದನ್ನು ಮರೆಯುವಂತಿಲ್ಲ.

ನೂರು ವರ್ಷದ ಹಿಂದಿನ ಉತ್ತರ

ಈ ತೊಡಕಿಗೆ ಉತ್ತರವೊಂದು ಚರಿತ್ರೆಯಲ್ಲೇ ಇದೆ. 1910ರ ದಶಕದಲ್ಲಿ ಅಮೆರಿಕದ ಹಾರ್ಟ್‌ಫರ್ಡ್ ನಗರದಲ್ಲಿ ವಿದ್ಯುತ್ ಲಾರಿಗಳು ಸರಕು ಸಾಗಿಸುತ್ತಿದ್ದವು. ಮಾಲೀಕ ಬ್ಯಾಟರಿ ಇಲ್ಲದ ಲಾರಿಯನ್ನು ಕೊಳ್ಳುತ್ತಿದ್ದ. ಬ್ಯಾಟರಿ ವಿದ್ಯುತ್ ಕಂಪನಿಯದು. ಖಾಲಿಯಾದದ್ದನ್ನು ಕೊಟ್ಟು ತುಂಬಿದ್ದನ್ನು ಪಡೆದು, ತಿಂಗಳಿಗಿಷ್ಟು, ಮೈಲಿಗಿಷ್ಟು ಎಂದು ಬಾಡಿಗೆ ತೆತ್ತರಾಯಿತು. ಅಗ್ಗದ ಪೆಟ್ರೋಲಿನ ಮುಂದೆ ಆ ವ್ಯವಸ್ಥೆ 1920ರ ದಶಕದಲ್ಲಿ ನಿಂತುಹೋಯಿತು. ಆದರೆ ನಷ್ಟದ ಭಯವನ್ನು ಸಣ್ಣ ಮಾಲೀಕನೊಬ್ಬನೇ ಹೊರಬೇಕಿಲ್ಲ ಎಂಬುದನ್ನು ಅದು ತೋರಿಸಿಕೊಟ್ಟಿತು.

ನಮ್ಮಲ್ಲೂ ಕೆಲಸ ಶುರುವಾಗಬೇಕಾದದ್ದು ಇಲ್ಲಿಂದಲೇ. ಕರ್ನಾಟಕ 2017ರಲ್ಲೇ ವಿದ್ಯುತ್ ವಾಹನ ನೀತಿ ತಂದ ಮೊದಲ ರಾಜ್ಯ. ಸವದತ್ತಿಯ ಗುಡ್ಡಗಳಲ್ಲಿ ಗಾಳಿಯಂತ್ರಗಳು ತಿರುಗುತ್ತಿವೆ. ವಿದ್ಯುತ್ ಹುಟ್ಟುವ ಜಾಗವೂ ಇದೆ, ಅದು ಖರ್ಚಾಗುವ ಘಾಟೂ ಇದೆ. ನಡುವೆ ಬೇಕಾದದ್ದು ಬಿಡಾರ: ಲಾರಿ ತಿರುಗುವಷ್ಟು ಜಾಗ, ಭಾರೀ ಚಾರ್ಜರು, ಡ್ರೈವರಿಗೆ ಊಟ, ಸ್ನಾನ, ನೆರಳು. ಸರಕು ಇಳಿಸುವ ಹೊತ್ತಿನಲ್ಲೇ ಚಾರ್ಜು ಆಗುವಂತಿದ್ದರೆ ಹೊಸ ನಿಲುಗಡೆಯ ಹೊರೆಯೂ ಅಷ್ಟಾಗಿ ಕಾಡದು.

ರೈಲು ಬಂದಾಗ ಹಳಿ ಎಲ್ಲಿ ಹಾಯಬೇಕೆಂದು ನಂದಗಡದ ಗಾಡಿಕಾರರನ್ನು ಯಾರೂ ಕೇಳಲಿಲ್ಲ. ಹೊಸ ಬಿಡಾರಗಳ ಜಾಗ ಗೊತ್ತುಮಾಡುವಾಗಲಾದರೂ ಒಂದೇ ಲಾರಿಯ ಮಾಲೀಕನನ್ನು ಕೇಳಿದರೆ ಒಳ್ಳೆಯದು. ಘಾಟಿನ ಯಾವ ತಿರುವಿನಲ್ಲಿ ಗಾಡಿ ದಣಿಯುತ್ತದೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತು.