ಒಂದು ಗಂಟೆಗೆ ನಿಲ್ಲು, ಎರಡು ಗಂಟೆಗೆ ಇಳಿಸು

ನೆಲದಿಂದ ಎರಡು ಕಿಲೋಮೀಟರ್ ಕೆಳಗೆ ನಿಂತ ಒಬ್ಬ ಕಾರ್ಮಿಕ ಮೇಲಿನ ಇಂಜಿನ್ ಮನೆಯಲ್ಲಿ ಕೂತವನಿಗೆ ಒಂದು ಮಾತು ಹೇಳಬೇಕು. ಕೂಗಿದರೆ ಕೇಳದು, ಕೈ ಬೀಸಿದರೆ ಕಾಣದು. ಹೇಳಬೇಕಾದ್ದು ದೊಡ್ಡ ವಿಷಯವೇನಲ್ಲ: 'ನಿಲ್ಲಿಸು', 'ಇಳಿಸು', 'ಎತ್ತು', 'ಈ ಬಾರಿ ಹತ್ತುತ್ತಿರುವುದು ಅದಿರಲ್ಲ, ಜನ'. ಆದರೆ ಇಷ್ಟರಲ್ಲಿ ಒಂದು ತಪ್ಪಾಗಿ ತಲುಪಿದರೂ ಕೇಜಿನಲ್ಲಿರುವವರ ಜೀವಕ್ಕೆ ಅಪಾಯ. ಕೋಲಾರದ ಚಿನ್ನದ ಗಣಿಗಳು ಈ ಸಮಸ್ಯೆಯನ್ನು ಗಂಟೆಯ ಬಡಿತಗಳಿಂದ ಬಗೆಹರಿಸಿಕೊಂಡಿದ್ದವು.

ಇಂದು ಇದೇ ಸಮಸ್ಯೆ ಬೇರೆ ರೂಪದಲ್ಲಿದೆ. ಉಗುರಿನಷ್ಟು ದೊಡ್ಡ ಚಿಪ್ ಒಂದು ತಾನು ಅಳೆದ ಉಷ್ಣತೆಯನ್ನೋ ಒತ್ತಡವನ್ನೋ ದೂರದ ಕಂಪ್ಯೂಟರಿಗೆ ತಿಳಿಸಬೇಕು. ಅದಕ್ಕೆ ಗೊತ್ತಿರುವುದು ಎರಡೇ ಅಕ್ಷರ: ಸೊನ್ನೆ ಮತ್ತು ಒಂದು. ಮಾತನ್ನು ಸೊನ್ನೆ-ಒಂದುಗಳಾಗಿ ಕಟ್ಟಿ ಕಳಿಸುವುದಕ್ಕೂ, ಬಂದದ್ದನ್ನು ಬಿಡಿಸಿ ಓದುವುದಕ್ಕೂ 'ಸಿ' ಭಾಷೆಯಲ್ಲಿ ಬರೆದ ಪುಟ್ಟ ಪ್ರೋಗ್ರಾಂ ಕಟ್ಟುಗಳಿವೆ. ಇವುಗಳನ್ನು ಲೈಬ್ರರಿ ಎನ್ನುತ್ತಾರೆ. ಇಂಥ ಲೈಬ್ರರಿ ಬರೆಯುವುದು ಅರ್ಧ ಕೆಲಸ. ಅದು ಏನನ್ನು ಹೇಗೆ ಕಟ್ಟುತ್ತದೆ ಎಂಬುದನ್ನು ಬರೆದಿಡುವುದು ಉಳಿದ ಅರ್ಧ. ಈ ಎರಡನೆಯ ಅರ್ಧ ಏಕೆ ಮುಖ್ಯ ಎಂಬುದಕ್ಕೆ ಕೆಜಿಎಫ್‌ನ ಚರಿತ್ರೆಯಲ್ಲಿ ಒಳ್ಳೆಯ ಪಾಠಗಳಿವೆ.

ಹಲವು ನುಡಿಗಳ ಗಣಿ

ಬ್ರಿಟನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ 1880ರಲ್ಲಿ ಕೋಲಾರಕ್ಕೆ ಬಂದಿತು. ಮೈಸೂರು ಮೈನ್ಸ್, ಚಾಂಪಿಯನ್ ರೀಫ್, ಉರಿಗಾಂ, ನಂದಿದುರ್ಗ, ಬಾಲಾಘಾಟ್ ಹೀಗೆ ಒಂದರ ಪಕ್ಕ ಒಂದು ಗಣಿ ಎದ್ದಿತು. ಬಂಗಾರಪೇಟೆಯಿಂದ ಮಾರಿಕುಪ್ಪಂಗೆ 1894ರಲ್ಲಿ ರೈಲು ಬಂದಿತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತೂ ಬಂದಿತು.

ಬಂದ ಜನರೂ ಒಂದೇ ಊರಿನವರಲ್ಲ. ಆರ್ಕಾಟಿನ ತಮಿಳರು, ಚಿತ್ತೂರು ಕಡೆಯ ತೆಲುಗರು, ಸುತ್ತಲಿನ ಕನ್ನಡಿಗರು, ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಬಂದ ಗಣಿಗಾರರು, ಇಟಲಿಯವರು ಎಲ್ಲರೂ ಇದ್ದರು. ಕೆಳಗಿನಿಂದ ತಮಿಳಿನಲ್ಲಿ ಕೂಗಿದ್ದನ್ನು ಮೇಲೆ ಇಂಗ್ಲಿಷಿನವನು ಅರ್ಥಮಾಡಿಕೊಳ್ಳಬೇಕಾದರೆ ನಡುವೆ ಇನ್ನೊಬ್ಬ ಬೇಕು. ಗಂಟೆಗೆ ಆ ತೊಂದರೆ ಇಲ್ಲ. ಎಣಿಸಲು ಬಂದವರಿಗೆಲ್ಲ ಅದು ಅರ್ಥವಾಗುತ್ತದೆ.

ಬ್ರಿಟಿಷ್ ಗಣಿಗಳಲ್ಲಿ ರೂಢಿಯಾಗಿ, ಮುಂದೆ ಭಾರತದ ಗಣಿ ನಿಯಮಗಳಲ್ಲೂ ಸೇರಿದ ಸಂಜ್ಞೆಗಳು ಬಹಳ ಸರಳ. ಕೇಜ್ ಚಲಿಸುತ್ತಿರುವಾಗ ಒಂದು ಬಡಿತ ಕೇಳಿದರೆ ನಿಲ್ಲಿಸಬೇಕು. ಕೇಜ್ ನಿಂತಿರುವಾಗ ಅದೇ ಒಂದು ಬಡಿತ ಬಂದರೆ ಎತ್ತಬೇಕು. ಎರಡು ಬಡಿತವೆಂದರೆ ಇಳಿಸು. ಮೂರು ಬಡಿತವೆಂದರೆ ಜನ ಹತ್ತಲಿದ್ದಾರೆ ಎಂಬ ಎಚ್ಚರಿಕೆ. ಇದಕ್ಕೆ ಮೇಲಿನಿಂದ ಮರುಗಂಟೆ ಬರಬೇಕು. ಬರುವ ತನಕ ಯಾರೂ ಕೇಜಿಗೆ ಕಾಲಿಡುವಂತಿಲ್ಲ.

ನಾಲ್ಕು ಸಾಲಿನ ಈ ಪಟ್ಟಿಯಲ್ಲಿ ಬಹಳ ಯೋಚನೆ ಅಡಗಿದೆ. ಎಲ್ಲಕ್ಕಿಂತ ತುರ್ತಾದ 'ನಿಲ್ಲು' ಎಂಬುದಕ್ಕೆ ಎಲ್ಲಕ್ಕಿಂತ ಚಿಕ್ಕ ಸಂಜ್ಞೆ. ಗಾಬರಿಯಲ್ಲಿರುವವನು ಒಂದು ಬಾರಿ ಹಗ್ಗ ಎಳೆದರೆ ಸಾಕು. ಒಂದೇ ಬಡಿತಕ್ಕೆ ಎರಡು ಅರ್ಥ ಇರುವುದರಿಂದ ಕೇಳುವವನಿಗೆ ಕೇಜ್ ಚಲಿಸುತ್ತಿದೆಯೋ ನಿಂತಿದೆಯೋ ತಿಳಿದಿರಲೇಬೇಕು. ಸಂದೇಶದ ಅರ್ಥ ಸಂದೇಶದೊಳಗೆ ಪೂರ್ತಿ ಇಲ್ಲ. ಕೇಳುವವನ ಸ್ಥಿತಿಯಲ್ಲೂ ಅದರ ಒಂದು ಪಾಲು ಇದೆ. ಹಾಗೆಯೇ ಎರಡು ಬಡಿತದ ನಂತರ ಬಿಡುವು ಕೊಡದೆ ಮೂರು ಬಡಿತ ಹೊಡೆದರೆ ಕೇಳುವವನಿಗೆ ಐದು ಎಂದಾಗುತ್ತದೆ. ಆದ್ದರಿಂದ ಬಡಿತದಷ್ಟೇ ಬಿಡುವೂ ಮುಖ್ಯ.

ಇದಕ್ಕಿಂತ ಜಿಪುಣವಾದ ಲಿಪಿ ಮಾಡಬಹುದಿತ್ತು. ಮೂರು ಸ್ಥಾನಗಳಿಟ್ಟು, ಪ್ರತಿ ಸ್ಥಾನದಲ್ಲಿ ಬಡಿತ ಉಂಟೋ ಇಲ್ಲವೋ ಎಂದು ನೋಡಿದರೆ ಎಂಟು ಬೇರೆ ಬೇರೆ ಅರ್ಥ ಹೇಳಬಹುದು. ಇದೇ ದ್ವಿಮಾನ ಪದ್ಧತಿ. ಗಣಿಯವರು ಅದರ ಗೊಡವೆಗೆ ಹೋಗಲಿಲ್ಲ. ಬೆವರು, ಕತ್ತಲೆ, ಯಂತ್ರಗಳ ಸದ್ದಿನ ನಡುವೆ ಇರುವ ಮನುಷ್ಯನಿಗೆ ಎಣಿಸುವುದು ಸುಲಭ, ಸ್ಥಾನ ನೋಡುವುದು ಕಷ್ಟ. ಯಂತ್ರಕ್ಕೆ ಇದು ತಿರುವುಮುರುವು.

ನಿಯಮದಲ್ಲಿ ಇನ್ನೂ ಒಂದು ಮಾತಿದೆ. ಈ ಸಂಜ್ಞೆಗಳ ಪಟ್ಟಿಯನ್ನು ಶಾಫ್ಟಿನ ಬಾಯಿಯಲ್ಲಿ, ಪ್ರತಿ ಹಂತದ ನಿಲ್ದಾಣದಲ್ಲಿ, ಇಂಜಿನ್ ಮನೆಯಲ್ಲಿ ಕಣ್ಣಿಗೆ ಕಾಣುವಂತೆ ತೂಗುಹಾಕಬೇಕು. ಎಲ್ಲರಿಗೂ ಬಾಯಿಪಾಠವಾಗಿದ್ದರೂ ಬೋರ್ಡು ಇರಲೇಬೇಕು. ಎರಡು ತುದಿಯವರೂ ಒಂದೇ ಪಟ್ಟಿ ನೋಡುತ್ತಿದ್ದಾರೆ ಎಂಬುದಕ್ಕೆ ಅದೇ ಆಧಾರ.

ಪಟ್ಟಿ ಬೇರೆಯಾದರೆ ಏನಾಗುತ್ತದೆ ಎಂಬುದನ್ನು ನೋಡಲು ದೂರ ಹೋಗಬೇಕಿಲ್ಲ. ಭಾರತೀಯ ರೈಲ್ವೆಯಲ್ಲೂ ಅಕ್ಕಪಕ್ಕದ ನಿಲ್ದಾಣಗಳ ನಡುವೆ ಬ್ಲಾಕ್ ಗಂಟೆಯ ಸಂಜ್ಞೆಗಳಿವೆ. ಅಲ್ಲಿ ಒಂದು ಬಡಿತ ಗಮನ ಸೆಳೆಯಲು. ಎರಡು ಬಡಿತ 'ದಾರಿ ಖಾಲಿ ಇದೆಯೆ?' ಎಂದು ಕೇಳಲು. ಮೂರು, ರೈಲು ಹೊರಟಿತೆಂದು ಹೇಳಲು. ನಾಲ್ಕು, ಬಂದು ಸೇರಿತೆಂದು ತಿಳಿಸಲು. ಆರು ಬಡಿತ ಅಪಾಯದ ಸೂಚನೆ. ಗಣಿಯಲ್ಲಿ ತುರ್ತಿನ ಸಂಜ್ಞೆ ಅತಿ ಚಿಕ್ಕದು, ರೈಲಿನಲ್ಲಿ ಉದ್ದನೆಯದು. ಶಾಫ್ಟಿನಲ್ಲಿ 'ಇಳಿಸು' ಎಂಬ ಆಜ್ಞೆಯಾಗುವ ಎರಡು ಬಡಿತ ರೈಲು ನಿಲ್ದಾಣದಲ್ಲಿ ಒಂದು ಪ್ರಶ್ನೆ. ಸದ್ದು ಒಂದೇ ಆದರೂ ಪಟ್ಟಿ ಬೇರೆ, ಆದ್ದರಿಂದ ಅರ್ಥವೂ ಬೇರೆ.

ಬಂಡೆಯೊಳಗಿನ ಸಂದೇಶ

ಕೆಜಿಎಫ್‌ನ ಆಳದಿಂದ ಬಂದ ಇನ್ನೊಂದು ಬಗೆಯ ಸಂದೇಶ ಜಗತ್ತಿನ ವಿಜ್ಞಾನಿಗಳ ಗಮನ ಸೆಳೆಯಿತು. ಆಕಾಶದಿಂದ ಸದಾ ಸುರಿಯುವ ವಿಶ್ವಕಿರಣಗಳನ್ನು ನೆಲದಡಿಯಲ್ಲಿ ಅಳೆಯಲು ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಬಿ.ವಿ. ಶ್ರೀಕಂಠನ್ 1951ರಲ್ಲಿ ಇಲ್ಲಿ ಕೆಲಸ ಆರಂಭಿಸಿದ್ದರು. 1960ರ ದಶಕದ ಆರಂಭದಲ್ಲಿ ಉಪಕರಣಗಳನ್ನು 2.76 ಕಿ.ಮೀ. ಆಳಕ್ಕೆ ಇಳಿಸಿದಾಗ ವಾರಗಟ್ಟಲೆ ಕಾದರೂ ಮ್ಯೂಆನ್ ಎಂಬ ಕಣ ಒಂದೂ ದಾಖಲಾಗಲಿಲ್ಲ. ಮೇಲಿನ ಬಂಡೆ ಎಲ್ಲವನ್ನೂ ತಡೆದಿತ್ತು.

ಏನೂ ಸಿಗದಿದ್ದದ್ದೇ ವಿಜ್ಞಾನಿಗಳಿಗೆ ಶುಭಸೂಚನೆಯಾಯಿತು. ಅಷ್ಟು ನಿಶ್ಶಬ್ದವಾದ ಜಾಗದಲ್ಲಿ ಏನಾದರೂ ಸಿಕ್ಕಿದರೆ ಅದಕ್ಕೆ ಕಾರಣ ಬಂಡೆಯನ್ನು ಲೆಕ್ಕಿಸದೆ ತೂರಿ ಬರುವ ನ್ಯೂಟ್ರಿನೊ ಇರಬೇಕು. ಟಾಟಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ ವಿಶ್ವವಿದ್ಯಾಲಯ, ಇಂಗ್ಲೆಂಡಿನ ಡರಂ ವಿಶ್ವವಿದ್ಯಾಲಯ ಈ ಮೂರೂ ಕೂಡಿ ಚಾಂಪಿಯನ್ ರೀಫ್ ಗಣಿಯ ಹೀತ್‌ಕೋಟ್ ಶಾಫ್ಟಿನಲ್ಲಿ ಸುಮಾರು 2.3 ಕಿ.ಮೀ. ಆಳದಲ್ಲಿ ಪ್ರಯೋಗ ಹೂಡಿದವು.

ಉಪಕರಣದ ಎರಡು ಬದಿಗೆ, ಕಣ ಹಾಯ್ದರೆ ಮಿನುಗುವ ಪ್ಲಾಸ್ಟಿಕ್ ಫಲಕಗಳ ಗೋಡೆ. ನಡುವೆ ಸಾಲುಸಾಲಾಗಿ ನಿಯಾನ್ ಅನಿಲ ತುಂಬಿದ ಗಾಜಿನ ಕೊಳವೆಗಳು. ಎರಡೂ ಗೋಡೆಗಳು ಒಂದೇ ಕಾಲಕ್ಕೆ ಮಿನುಗಿದರೆ ಮಾತ್ರ ಕೊಳವೆಗಳಿಗೆ ಅಧಿಕ ವೋಲ್ಟೇಜಿನ ವಿದ್ಯುತ್ ಹರಿಯುತ್ತಿತ್ತು. ಕಣ ಹಾಯ್ದ ಕೊಳವೆಗಳು ಬೆಳಗುತ್ತಿದ್ದವು, ಉಳಿದವು ಕತ್ತಲೆಯಾಗಿಯೇ ಇರುತ್ತಿದ್ದವು. ಕ್ಯಾಮೆರಾ ಅದನ್ನು ಫಿಲ್ಮಿನ ಮೇಲೆ ಹಿಡಿಯುತ್ತಿತ್ತು.

ಕೊಳವೆ ಬೆಳಗಿತೆ, ಇಲ್ಲವೆ? ಒಂದೋ, ಸೊನ್ನೆಯೋ? ಹೀಗೆ ಪ್ರಕೃತಿಯೇ ಬರೆದ ದ್ವಿಮಾನ ಸಂದೇಶವದು. ಆದರೆ ಯಾವ ಕೊಳವೆ ಯಾವ ಸಾಲಿನಲ್ಲಿ, ಎಷ್ಟು ದೂರದಲ್ಲಿ ಇತ್ತು ಎಂಬ ನಕ್ಷೆ ಕೈಯಲ್ಲಿಲ್ಲದಿದ್ದರೆ ಆ ಫಿಲ್ಮಿನ ಮೇಲೆ ಕಾಣುವುದು ಬರೀ ಚುಕ್ಕೆಗಳು. ನಕ್ಷೆಯೊಡನೆ ನೋಡಿದಾಗ ಚುಕ್ಕೆಗಳು ಸೇರಿ ಗೆರೆಯಾಗುತ್ತವೆ, ಗೆರೆಯಿಂದ ಕಣ ಬಂದ ಓರೆ ತಿಳಿಯುತ್ತದೆ. ಅಡ್ಡಲಾಗಿ ಬಂದ ಕಣ ಅಷ್ಟೊಂದು ಬಂಡೆಯನ್ನು ತಾನೇ ದಾಟಿ ಬಂದಿರಲಾರದು. ಹತ್ತಿರದಲ್ಲೇ ನ್ಯೂಟ್ರಿನೊ ಬಂಡೆಗೆ ಬಡಿದು ಅದನ್ನು ಹುಟ್ಟಿಸಿರಬೇಕು. ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊದ ಕುರುಹು ಸಿಕ್ಕಿದ್ದು ಹೀಗೆ. 1965ರ ಆಗಸ್ಟ್‌ನಲ್ಲಿ ಕೆಜಿಎಫ್ ತಂಡದ ವರದಿ ಪ್ರಕಟವಾಯಿತು. ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲಿ ಇದೇ ಹುಡುಕಾಟದಲ್ಲಿದ್ದ ಫ್ರೆಡರಿಕ್ ರೈನ್ಸ್ ತಂಡದ ವರದಿ ಕೆಲವೇ ದಿನಗಳ ಅಂತರದಲ್ಲಿ ಬಂದಿತು.

ಮುಂದೆ 1980ರ ದಶಕದಲ್ಲಿ ಇಲ್ಲಿಯೇ ಇನ್ನೂ ದೊಡ್ಡ ಪ್ರಯೋಗ ನಡೆಯಿತು. ಕಬ್ಬಿಣದ ಫಲಕಗಳ ನಡುವೆ ಸುಮಾರು 1,600 ಎಣಿಕೆ ಕೊಳವೆಗಳನ್ನು ಜೋಡಿಸಿದ 140 ಟನ್ನಿನ ಉಪಕರಣ ಪ್ರೋಟಾನ್ ಕ್ಷಯಿಸುತ್ತದೆಯೇ ಎಂದು ಕಾದು ನೋಡಿತು. ಕ್ಷಯದ ಕುರುಹಾಗಿರಬಹುದು ಎನ್ನುವಂಥ ಕೆಲವು ಘಟನೆಗಳನ್ನು ತಂಡ ಪ್ರಕಟಿಸಿತು. ಆದರೆ ನ್ಯೂಟ್ರಿನೊ ಕೂಡ ಅಂಥದೇ ಗುರುತು ಬಿಡಬಲ್ಲದು. ಇತರ ದೇಶಗಳ ಇನ್ನೂ ದೊಡ್ಡ ಉಪಕರಣಗಳು ಕ್ಷಯವನ್ನು ಕಾಣಲಿಲ್ಲ. ಸೊನ್ನೆ-ಒಂದುಗಳನ್ನು ಒಂದೂ ಬಿಡದೆ ಸರಿಯಾಗಿ ಓದಿದರೂ ಅರ್ಥದ ಬಗ್ಗೆ ಒಮ್ಮತ ಮೂಡದಿರಬಹುದು. ಆಗ ಮರಳಿ ಪರೀಕ್ಷಿಸಬೇಕಾದವರಿಗೆ ಉಪಕರಣದ ಪೂರ್ತಿ ವಿವರ ಬರಹದಲ್ಲಿ ಸಿಗಬೇಕು.

ಮೂರು ಬೈಟಿನ ಮಾತು

ಈಗ ಇಂದಿನ ಚಿಪ್‌ಗಳ ವಿಷಯಕ್ಕೆ ಬರೋಣ. ಸಿ ಭಾಷೆ 1970ರ ದಶಕದ ಆರಂಭದಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಡೆನ್ನಿಸ್ ರಿಚಿ ಅವರ ಕೈಯಲ್ಲಿ ರೂಪುಗೊಂಡಿತು. ಸ್ಮರಣೆಯ ಜಾಗ ಕೆಲವೇ ಕಿಲೋಬೈಟ್ ಇರುವ ಪುಟ್ಟ ಯಂತ್ರಗಳಿಗೆ ಅದು ಇಂದಿಗೂ ಒಗ್ಗುವ ಭಾಷೆ. ಗೂಗಲ್ ಕಂಪನಿ 2008ರಲ್ಲಿ 'ಪ್ರೋಟೊಕಾಲ್ ಬಫರ್ಸ್' ಎಂಬ ಸಂದೇಶ ಪದ್ಧತಿಯನ್ನು ಸಾರ್ವಜನಿಕರಿಗೆ ಬಿಟ್ಟುಕೊಟ್ಟಿತು. ಅದನ್ನೇ ಪುಟ್ಟ ಚಿಪ್‌ಗಳಿಗೆ ಒಗ್ಗಿಸುವ 'ನ್ಯಾನೊಪಿಬಿ' ಎಂಬ ಹಗುರ ಸಿ ಲೈಬ್ರರಿಯೂ ಬಂದಿತು.

ಈ ಪದ್ಧತಿಯಲ್ಲಿ 300 ಎಂಬ ಸಂಖ್ಯೆಯನ್ನು ಕಳಿಸುವ ಬಗೆ ಸ್ವಾರಸ್ಯಕರ. ಒಂದು ಬೈಟಿನಲ್ಲಿ ಎಂಟು ಬಿಟ್. ಅದರಲ್ಲಿ ಏಳು ಸಂಖ್ಯೆಗೆ ಮೀಸಲು. ಎಂಟನೆಯದು 'ಇನ್ನೂ ಇದೆ' ಎಂಬ ಗುರುತು. ಏಳು ಬಿಟ್‌ನಲ್ಲಿ 127ರವರೆಗೆ ಮಾತ್ರ ಹೇಳಬಹುದು. 300ರಲ್ಲಿ 128 ಎರಡು ಬಾರಿ ಹೋಗಿ 44 ಉಳಿಯುತ್ತದೆ. ಮೊದಲು ಆ 44ಕ್ಕೆ 'ಇನ್ನೂ ಇದೆ' ಎಂಬ ಗುರುತಿನ 128 ಸೇರಿಸಿ 172 ಕಳಿಸಬೇಕು. ಆಮೇಲೆ 2 ಕಳಿಸಬೇಕು. ಇವೆಲ್ಲಕ್ಕೂ ಮುಂದೆ, ಇದು ಪಟ್ಟಿಯ ಒಂದನೆಯ ಅಂಶ, ಪೂರ್ಣಾಂಕ ಎಂದು ಹೇಳಲು 8 ಎಂಬ ಬೈಟು. ಅಲ್ಲಿಗೆ ಸಂದೇಶ ಮುಗಿಯಿತು: 8, 172, 2.

ಗಂಟೆಯ ಪಟ್ಟಿಯಲ್ಲಿ ಕಂಡದ್ದೆಲ್ಲ ಇಲ್ಲಿಯೂ ಇದೆ. ಸಂಖ್ಯೆ ಎಲ್ಲಿ ಮುಗಿಯುತ್ತದೆ ಎಂಬ ಗುರುತು ಗಂಟೆಯ ಬಿಡುವಿನ ಕೆಲಸ ಮಾಡುತ್ತದೆ. ಒಮ್ಮೆ ಒಂದು ಅರ್ಥಕ್ಕೆ ಕೊಟ್ಟ ಅಂಶದ ಸಂಖ್ಯೆಯನ್ನು, ಆ ಅಂಶ ಬೇಡವಾದ ಮೇಲೂ, ಇನ್ನೊಂದಕ್ಕೆ ಕೊಡಬಾರದು ಎಂಬುದು ಇಲ್ಲಿನ ಕಟ್ಟುನಿಟ್ಟಿನ ನಿಯಮ. ಎರಡು ಬಡಿತಕ್ಕೆ ನಾಳೆಯಿಂದ 'ಎತ್ತು' ಎಂದು ಅರ್ಥ ಎಂದು ಮೇಲಿನವರಿಗಷ್ಟೇ ಹೇಳಿ, ಕೆಳಗಿನವರಿಗೆ ಹೇಳದಿದ್ದರೆ ಏನಾಗಬಹುದೋ ಅದೇ ಇಲ್ಲಿಯೂ ಆಗುತ್ತದೆ. ಹೊಸ ಅಂಶಕ್ಕೆ ಹೊಸ ಸಂಖ್ಯೆ ಕೊಟ್ಟರೆ ಹಳೆಯ ಯಂತ್ರ ತನಗೆ ತಿಳಿಯದ್ದನ್ನು ದಾಟಿ ಮುಂದಕ್ಕೆ ಓದುತ್ತದೆ.

ಇಷ್ಟಾದರೂ 300 ಏನು ಎಂಬುದನ್ನು ಲೈಬ್ರರಿ ಹೇಳಲಾರದು. ಅಮೆರಿಕದ ನಾಸಾ ಸಂಸ್ಥೆ ಮಂಗಳ ಗ್ರಹಕ್ಕೆ ಕಳಿಸಿದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ 1999ರ ಸೆಪ್ಟೆಂಬರ್ 23ರಂದು ನಷ್ಟವಾದದ್ದು ಇಂಥ ಕಾರಣಕ್ಕೆ. ಭೂಮಿಯ ಮೇಲಿನ ಒಂದು ಪ್ರೋಗ್ರಾಂ ಪೌಂಡ್-ಸೆಕೆಂಡ್ ಲೆಕ್ಕದಲ್ಲಿ ಸಂಖ್ಯೆ ಕೊಟ್ಟಿತು. ಅದನ್ನು ಓದಿದ್ದು ನ್ಯೂಟನ್-ಸೆಕೆಂಡ್ ಎಂದು ನಂಬಿದ್ದ ಇನ್ನೊಂದು ಪ್ರೋಗ್ರಾಂ. ಸಂಖ್ಯೆ ತಪ್ಪಿಲ್ಲದೆ ತಲುಪಿತ್ತು. ಅಳತೆ ಮಾತ್ರ ಬೇರೆಯಾಗಿತ್ತು.

ಆದ್ದರಿಂದ ಲೈಬ್ರರಿಯ ಕೈಪಿಡಿ ಬರೆಯುವವರು ಹೇಳಬೇಕಾದ್ದು ಹಲವು ಇವೆ. ಪ್ರತಿ ಅಂಶದ ಸಂಖ್ಯೆ ಯಾವುದು, ಅಳತೆ ಯಾವುದು, ಅತಿ ಹೆಚ್ಚೆಂದರೆ ಎಷ್ಟಿರಬಹುದು, ಸಂದೇಶ ಅರ್ಧಕ್ಕೆ ತುಂಡಾದರೆ ಏನು ಮಾಡಬೇಕು, ಮೀಸಲಿಟ್ಟ ಜಾಗಕ್ಕಿಂತ ಉದ್ದದ ಸಂದೇಶ ಬಂದರೆ ಹೇಗೆ ತಿರಸ್ಕರಿಸಬೇಕು. ಕೊನೆಯದನ್ನು ಮರೆತರೆ ಸಿ ಭಾಷೆ ತಾನಾಗಿ ತಡೆಯುವುದಿಲ್ಲ. ಹೆಚ್ಚಾದ ಬೈಟುಗಳು ಪಕ್ಕದ ಸ್ಮರಣೆಯ ಮೇಲೆ ಹರಿದು, ಅಲ್ಲಿದ್ದುದನ್ನು ಅಳಿಸಿಬಿಡುತ್ತವೆ.

ಕೋಲಾರದ ಗಣಿಗಳನ್ನು 1956ರಲ್ಲಿ ಮೈಸೂರು ಸರ್ಕಾರ ವಹಿಸಿಕೊಂಡಿತು. 1962ರಲ್ಲಿ ಅವು ಕೇಂದ್ರಕ್ಕೆ ಸೇರಿ, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆದವು. 2001ರ ಫೆಬ್ರವರಿ 28ರಂದು ಕೆಲಸ ನಿಂತಿತು. ಚಾಂಪಿಯನ್ ರೀಫ್ 10,000 ಅಡಿಗೂ ಆಳಕ್ಕೆ, ಅಂದರೆ 3 ಕಿ.ಮೀ. ಮೀರಿ ಇಳಿದಿತ್ತು. ಬ್ರಿಟಿಷ್ ಗಣಿಗಾರರು ಆಳವನ್ನು ಅಡಿಯಲ್ಲಿ ಅಳೆದರು, ವಿಜ್ಞಾನಿಗಳು ಮೀಟರಿನಲ್ಲಿ. ಅಂಥ ಶಾಫ್ಟಿನಲ್ಲಿ ಕೇಜ್ ಎಲ್ಲಿದೆ ಎಂದು ಹೇಳುವ ಸಂದೇಶವಾಗಿ 8, 172, 2 ಎಂಬ ಮೂರು ಬೈಟು ಬಂತು ಎನ್ನೋಣ. ಕೈಪಿಡಿಯಲ್ಲಿ 'ಅಂಶ 1: ಆಳ, ಮೀಟರ್' ಎಂದಿದ್ದರೆ ಕೇಜ್ 300 ಮೀಟರ್ ಕೆಳಗಿದೆ. 'ಅಡಿ' ಎಂದಿದ್ದರೆ 91 ಮೀಟರ್ ಕೆಳಗಷ್ಟೇ. ಏನೂ ಬರೆಯದೆ ಬಿಟ್ಟಿದ್ದರೆ ಮೇಲೆ ಕೂತವನು ಊಹಿಸಬೇಕಾಗುತ್ತದೆ.